ಕೋಲಾರದಲ್ಲಿ ಮೊದಲು ನೀರಿನ ಲೆಕ್ಕ ಹಾಕಿ

ಮನೆ ಬಾಗಿಲಿಗೇ ಹೋಗಿ ಕಾರು ತೊಳೆದು ಪಾಲಿಶ್ ಮಾಡುವ ಕೆಲಸ ಶುರು ಮಾಡಬಹುದಾ ಅನ್ನುವ ಬಗ್ಗೆ ಒಂದು ಲೇಖನ ಓದಿದೆ, ಚೆನ್ನಾಗಿದೆ. ಆದರೆ ಮೆಷಿನ್, ಬಂಡವಾಳದ ಬಗ್ಗೆ ಬರೆದಷ್ಟು ನೀರಿನ ಬಗ್ಗೆ ಬರೆದಿಲ್ಲ. ನಮ್ಮ ಕೋಲಾರದ ಕಡೆ ಅದೇ ಮುಖ್ಯ ಅಲ್ವಾ?

ಇಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಬೋರ್‌ವೆಲ್ ನೀರು ಜಾಸ್ತಿ ಕಡೆ ಗಡಸು. ಬಿಸಿಲಲ್ಲಿ ತೊಳೆದು ಹಾಗೇ ಒಣಗಲು ಬಿಟ್ಟರೆ ಲವಣಾಂಶ ಪೇಂಟ್ ಮೇಲೆ ಬಿಳಿ ಕಲೆಯಾಗಿ ಕೂರುತ್ತದೆ. ಕಪ್ಪು ಕಾರಲ್ಲಂತೂ ಎದ್ದು ಕಾಣುತ್ತದೆ. ಅಂಥ ಕೆಲಸಕ್ಕೆ ಗಿರಾಕಿ ಎರಡನೇ ಸಲ ಕರೆಯುವುದಿಲ್ಲ. ಬೆಳಿಗ್ಗೆ ಬೇಗ ಅಥವಾ ನೆರಳಲ್ಲಿ ತೊಳೆಯಿರಿ. ಕೊನೆಯಲ್ಲಿ ಲವಣ ತೆಗೆದ (ಆರ್‌ಒ) ನೀರು ಹಾಕಿ, ಮೈಕ್ರೋಫೈಬರ್ ಬಟ್ಟೆಯಿಂದ ಕೂಡಲೇ ಒರೆಸಿ. ಒಂದು ಬಕೆಟ್ ನೀರಿಗೆ ಅದಕ್ಕೆಂದೇ ಇರುವ ದ್ರಾವಣ ಬೆರೆಸಿ ಒರೆಸಿ, ಮತ್ತೆ ನೀರು ಹಾಕದೆ ಮುಗಿಸುವ ರಿನ್ಸ್‌ಲೆಸ್ ವಾಶ್ ಕೂಡ ಇದೆ. ಬರೀ ಧೂಳಿದ್ದರೆ ಅದು ಸಾಕು. ಕೆಸರು ಮೆತ್ತಿದ ಕಾರಿಗೆ ಮಾತ್ರ ಬೇಡ, ಉಜ್ಜಿದರೆ ಗೀರು ಬೀಳುತ್ತದೆ. ಅದಕ್ಕೆ ಮೊದಲು ಪ್ರೆಷರ್ ವಾಷರ್‌ನಿಂದ ಮಣ್ಣು ಇಳಿಸಲೇಬೇಕು.

ಬೆಂಗಳೂರಲ್ಲಿ 2024ರ ಮಾರ್ಚ್‌ನಲ್ಲಿ ಕುಡಿಯುವ ನೀರಿನಿಂದ ವಾಹನ ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು. ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾಯುವ ಬೀದಿಯಲ್ಲಿ ನಾವು ನೀರು ಚೆಲ್ಲಿದರೆ ಅಕ್ಕಪಕ್ಕದವರು ಸುಮ್ನೆ ಇರುತ್ತಾರಾ? ಇರಬಾರದು ಕೂಡ.

ಸಾಲ ಬೇಕಿದ್ದರೆ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಅಡಮಾನವಿಲ್ಲದೆ ಸಿಗುತ್ತದೆ. ಗಿರಾಕಿಗಳಿಗೆ ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶದ ಕಡೆ ನೋಡಿ. ಕಾರ್ಖಾನೆಗೆ ಬರುವವರ ಕಾರು ಶಿಫ್ಟ್ ಮುಗಿಯುವವರೆಗೂ ನಿಂತಿರುತ್ತದೆ. ಒಳಗೆ ಹೋಗಲು ಕಂಪನಿಯ ಅನುಮತಿ ಮೊದಲೇ ಕೇಳಿಕೊಳ್ಳಿ.