ಲ್ಯಾಬಿನ ಲಕ್ಕಿ ಸೊಪ್ಪು

ಇವತ್ತೂ ಮಹಡಿ ಮೇಲೆ ಹೋಗಿ ನೋಡಿದರೆ ಲಕ್ಕಿ ಸೊಪ್ಪು ಬಿಸಿಲಲ್ಲಿತ್ತು. ನಾನು ಹಳೇ ಪಂಚೆ ಹಾಸಿ ನೆರಳಲ್ಲಿ ಹರಡಿದ್ದೆ. ಈಗ ಕಣದಲ್ಲಿ ಕಾಫಿ ಹರಡಿದಂತೆ ಸಾಲು ಸಾಲಾಗಿ ಮಲಗಿತ್ತು. ಯಾರ ಕೆಲಸ ಅಂತ ಕೇಳಬೇಕಾಗಿಲ್ಲ. ನಮ್ಮ ಮನೆ ಮಾಲೀಕರು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದವರು. ಮಳೆಗಾಲದ ಚಿಕ್ಕಮಗಳೂರಿನಲ್ಲಿ ಒಂದಿಷ್ಟು ಬಿಸಿಲು ಬಂದರೆ ಅದನ್ನು ಸುಮ್ನೆ ಬಿಡೋಕೆ ಅವರಿಗೆ ಆಗಲ್ಲ.

"ಸಾರ್, ಬಿಸಿಲಿಗೆ ಎಲೆಯೊಳಗಿನ ಕೆಲವು ಅಂಶ ಹಾಳಾಗುತ್ತೆ" ಎಂದೆ.

"ಮಳೆ ಬಂದ್ರೆ ಎಲೆನೇ ಹಾಳಾಗುತ್ತಲ್ರೀ" ಎಂದರು.

ಗಿಡದಲ್ಲಿರುವ ರಾಸಾಯನಿಕಗಳನ್ನು ಬೇರೆ ಮಾಡೋದು ನನ್ನ ಕೆಲಸ. ಎಲೆ ಒಣಗಿಸಿ, ಪುಡಿ ಮಾಡಿ, ಮೆಥನಾಲ್‌ನಲ್ಲಿ ನೆನೆಸಿ ಸೋಸಬೇಕು. ಮೆಥನಾಲ್ ಆವಿಯಾದ ಮೇಲೆ ಉಳಿಯುವ ಹಸಿರು ಅಂಟನ್ನು ಸಿಲಿಕಾ ತುಂಬಿದ ಗಾಜಿನ ಕೊಳವೆಯಲ್ಲಿ ಹನಿ ಹನಿಯಾಗಿ ಇಳಿಸಬೇಕು. ಕಿಲೋಗಟ್ಟಲೆ ಸೊಪ್ಪಿಗೆ ಕೊನೆಗೆ ಸಿಗೋದು ಮಿಲಿಗ್ರಾಂ ಲೆಕ್ಕ. ಅದೂ ಕರೆಂಟ್ ಇದ್ದರೆ. ಸಿಕ್ಕಿದ್ದು ಹೊಸದು ಅಂತ ಕುಣಿಯೋ ಹಾಗೂ ಇಲ್ಲ, ನೋಡಿದರೆ ಲಕ್ಕಿಯಲ್ಲಿದೆ ಅಂತ ಈ ಕೆಲಸದವರಿಗೆಲ್ಲ ಮೊದಲೇ ಗೊತ್ತಿರುವ ಕ್ಯಾಸ್ಟಿಸಿನ್ ಆಗಿರುತ್ತೆ. 1819ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ರುಂಗೆ ಕಾಫಿಯಿಂದ ಕೆಫೀನ್ ತೆಗೆದರು. ಅದೇ ವರ್ಷ ಡೆನ್ಮಾರ್ಕಿನ ವಿಜ್ಞಾನಿ ಓರ್ಸ್ಟೆಡ್ ಕಾಳುಮೆಣಸಿನಿಂದ ಅದರ ಖಾರದ ಅಂಶವಾದ ಪೈಪರಿನ್ ತೆಗೆದರು. ನಮ್ಮ ತೋಟದ ಎರಡು ಬೆಳೆಯೂ ಒಂದೇ ವರ್ಷದಲ್ಲಿ ಮುಗಿದುಹೋಯ್ತು. ನಮಗೆ ಉಳಿದಿದ್ದು ಬೇಲಿ ಸೊಪ್ಪು.

ಅದಾದರೂ ಉಳಿಯುತ್ತಾ? ದಿನಾ ತೂಕ ಬರೆದಿಡುತ್ತೇನೆ. ನೀರಾರಿ ಎಷ್ಟು ಇಳಿಯಬೇಕೋ ಅದಕ್ಕಿಂತ ಜಾಸ್ತಿ ಇಳಿಯುತ್ತಿದೆ. ಮೊನ್ನೆ ಸಂಜೆ ಕಾರಣ ಸಿಕ್ಕಿತು. ರೈಟರು ಮೆಟ್ಟಿಲಿಳಿದು ಬರುತ್ತಿದ್ದರು, ಟವೆಲಿನ ಗಂಟಿನಿಂದ ನನ್ನ ಎಲೆಗಳು ಇಣುಕುತ್ತಿದ್ದವು.

"ಮಂಡಿ ನೋವಿಗೆ ಬಹಳ ಪವರ್‌ಫುಲ್ ಕಣ್ರೀ ಇದು. ಪಕ್ಕದ ಮನೆಯವರಿಗೂ ಕೊಟ್ಟೆ. ಗುಣ ಇದೆ ಅಂದ್ರು."

ನಾನಿನ್ನೂ ಪುಡಿಯನ್ನೇ ಮಾಡಿಲ್ಲ, ಇವರು ಜನರ ಮೇಲೆ ಪ್ರಯೋಗ ಮುಗಿಸಿ ಫಲಿತಾಂಶವನ್ನೂ ಹೇಳಿಬಿಟ್ಟರು!

"ಸಾರ್, ಬೇಲಿಯಲ್ಲೇ ಲಕ್ಕಿ ಗಿಡ ಇದೆಯಲ್ಲ?"

"ಅಯ್ಯೋ, ಅದು ಸುಮ್ನೆ ಬೆಳೆದಿದ್ದು. ನಿಮ್ದು ಲ್ಯಾಬಿಂದು."

ನಾನು ಕೊಯ್ದಿದ್ದೂ ಅದೇ ಬೇಲಿಯಿಂದ. ಹೇಳಿದೆ. "ಇರಬಹುದು, ಆದ್ರೂ ಲ್ಯಾಬಿಂದು ಬೇರೆ" ಎಂದರು.

ಚೆನ್ನಾಗಿ ಬೈಯಬೇಕು ಅಂತ ರಾತ್ರಿ ಕೆಳಗಿಳಿದೆ. ಅವರ ಬಾಗಿಲು ತೆರೆದಿತ್ತು. ಸೊಪ್ಪು ಕುದಿಸಿದ ನೀರಲ್ಲಿ ಬಟ್ಟೆ ಅದ್ದಿ ಹಿಂಡಿ, ಹೆಂಡತಿಯ ಮಂಡಿಗೆ ಶಾಖ ಕೊಡುತ್ತಾ, "ಬಿಸಿ ಜಾಸ್ತಿ ಆಯ್ತೇನೇ?" ಅಂತ ಕೇಳುತ್ತಿದ್ದರು. ಆ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಬೈಗುಳ ಬಾಯಲ್ಲೇ ಉಳಿಯಿತು.

ಅಷ್ಟರಲ್ಲಿ ನನ್ನನ್ನು ನೋಡಿದರು.

"ಒಳ್ಳೇದಾಯ್ತು ಬಂದಿದ್ದು. ಇನ್ನೊಂದಿಷ್ಟು ಸೊಪ್ಪು ಹಾಕ್ರೀ ಮೇಲೆ. ಭಾನುವಾರ ಬೇಲೂರಿಂದ ನಮ್ಮ ಷಡ್ಡಕರು ಬರ್ತಾರೆ. ಅವರಿಗೆ ಎರಡೂ ಮಂಡಿ."