ಪೆಟ್ರಾದಲ್ಲಿ ನಡೆಯುತ್ತೇವೆ, ಹಂಪಿಯಲ್ಲಿ ಯಾಕಿಲ್ಲ?

ಜೋರ್ಡಾನ್ ದೇಶದ ಹಳೇ ಕಲ್ಲಿನ ನಗರ ಪೆಟ್ರಾದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಅದರ ಪಾರ್ಕಿಂಗ್ ವ್ಯವಸ್ಥೆ. ತಮಾಷೆಗೆ ಹೇಳ್ತಿಲ್ಲ. ನಮ್ಮ ಕಾರು ಪಕ್ಕದ ವಾದಿ ಮೂಸಾ ಊರಿನಲ್ಲೇ ನಿಲ್ಲಬೇಕು. ಅಲ್ಲಿಂದ ಮುಂದಕ್ಕೆ ಬಹುಪಾಲು ಜನರಿಗೆ ಕಾಲೇ ಗತಿ.

ಅಮ್ಮಾನ್‌ನಲ್ಲಿರುವ ನಮಗೆ ಇದು ಸುಮಾರು ಮೂರು ಗಂಟೆಯ ದಾರಿ. ಊರಿಂದ ಅಪ್ಪ, ಅಮ್ಮ ಬಂದಿದ್ದರು. ಮಕ್ಕಳನ್ನೂ ಕಟ್ಟಿಕೊಂಡು ಹೊರಟೆವು. ಜೋರ್ಡಾನ್‌ನಲ್ಲೇ ವಾಸವಿರುವವರಿಗೆ ಟಿಕೆಟ್ 1 ದಿನಾರ್. ದೇಶದಲ್ಲಿ ರಾತ್ರಿ ತಂಗುವ ಪ್ರವಾಸಿಗರಿಗೆ ಒಂದು ದಿನಕ್ಕೆ 50 ದಿನಾರ್. ಅಪ್ಪ ಅದನ್ನು ರೂಪಾಯಿಗೆ ಗುಣಿಸಿ ನೋಡಿ, "ಇಷ್ಟು ದುಡ್ಡು ಕೊಟ್ಟು ಮತ್ತೆ ನಡೀಬೇಕೇನಮ್ಮಾ?" ಎಂದು ಸೊಸೆಯನ್ನು ಕೇಳಿದರು.

ಒಳಗೆ ಹೋಗುವ ದಾರಿಯೇ ಸೀಕ್. ಸುಮಾರು 1.2 ಕಿಲೋಮೀಟರ್ ಉದ್ದದ, ಬಂಡೆ ಸೀಳಿ ಆದ ಓಣಿ. ಎರಡೂ ಕಡೆ ಕೆಂಪು ಕಲ್ಲು, ತಲೆ ಎತ್ತಿದರೆ ಪಟ್ಟಿಯಷ್ಟು ಆಕಾಶ. ಎಲ್ಲರೂ ಮೇಲೆ ನೋಡುತ್ತಿದ್ದರೆ ಅಮ್ಮನ ಕಣ್ಣು ಗೋಡೆಯಲ್ಲಿ ಕೊರೆದ ಕಾಲುವೆಯ ಮೇಲೆ. "ಇದು ನೀರಿಂದು ಅಲ್ವೇನೋ?" ನೀರಿನದೇ. ಪೆಟ್ರಾ ಕಟ್ಟಿದ ನಬಾಟಿಯನ್ನರು ಎರಡು ಸಾವಿರ ವರ್ಷದ ಹಿಂದೆ ದೂರದ ಬುಗ್ಗೆಯ ನೀರನ್ನು ಹೀಗೆ ಊರೊಳಗೆ ತಂದರು. ಒಂದು ಕಡೆ ಕಲ್ಲಿನ ಕಾಲುವೆ, ಇನ್ನೊಂದು ಕಡೆ ಸುಟ್ಟ ಮಣ್ಣಿನ ಕೊಳವೆ. ಕೊಳವೆಯ ತುಂಡುಗಳು ಈಗಲೂ ಅಲ್ಲಲ್ಲಿ ಕಾಣುತ್ತವೆ. ಮಳೆ ಅಪರೂಪದ ಜಾಗ, ಆದರೆ ಬಂದರೆ ಒಂದೇ ಸಲ ನುಗ್ಗುತ್ತದೆ. ಅದಕ್ಕಾಗಿ ಸೀಕ್‌ನ ಬಾಯಲ್ಲೇ ಅಣೆಕಟ್ಟು ಕಟ್ಟಿ, ಪ್ರವಾಹವನ್ನು ಸುರಂಗದಲ್ಲಿ ಬೇರೆ ಕಡೆ ತಿರುಗಿಸಿದ್ದರು. ಆ ಅಣೆಕಟ್ಟು ಹಾಳಾಗಿದ್ದ ಕಾಲದಲ್ಲಿ, 1963ರಲ್ಲಿ, ಪ್ರವಾಹ ಸೀಕ್‌ನೊಳಗೆ ನುಗ್ಗಿ 20ಕ್ಕೂ ಹೆಚ್ಚು ಫ್ರೆಂಚ್ ಪ್ರವಾಸಿಗರು ಸತ್ತರು. ಆಮೇಲೆ ಅದೇ ಜಾಗದಲ್ಲಿ ಮತ್ತೆ ಅಣೆಕಟ್ಟು ಕಟ್ಟಿದರು.

ಸ್ವಲ್ಪ ಮುಂದೆ ಗೋಡೆಯಲ್ಲಿ ಒಂಟೆಗಳ ಕೆತ್ತನೆ. ಮೇಲಿನ ಭಾಗವೆಲ್ಲ ಸವೆದು ಹೋಗಿದೆ. ಉಳಿದದ್ದು ಒಂಟೆಯ ಕಾಲುಗಳು, ಪಕ್ಕದಲ್ಲಿ ನಡೆಸುವವನ ಪಾದ, ಅವನ ನಿಲುವಂಗಿಯ ಅಂಚು. ಮಗಳು ಪಾದದ ಬೆರಳು ಹುಡುಕುತ್ತಾ ಅಲ್ಲೇ ಕೂತುಬಿಟ್ಟಳು. ಅಷ್ಟರಲ್ಲಿ ಬ್ಯಾಟರಿ ಗಾಡಿಯೊಂದು ನಮ್ಮನ್ನು ದಾಟಿ ಹೋಯಿತು. ಅದರಲ್ಲಿದ್ದವರು ಯಾರೂ ಆ ಕಡೆ ತಿರುಗಲಿಲ್ಲ. ವಯಸ್ಸಾದವರಿಗೆ, ಕಾಲು ನೋವಿದ್ದವರಿಗೆ ಆ ಗಾಡಿ ಬೇಕು, ಸರಿ. ಉಳಿದವರಿಗೆ ಯಾಕೆ?

ಸೀಕ್ ಮುಗಿದಲ್ಲಿ ಎದುರಾಗುವ, ಖಜಾನೆ ಎಂದು ಕರೆಯುವ ಕಟ್ಟಡದ ಬಗ್ಗೆ ನಾನು ಹೇಳುವುದೇನೂ ಇಲ್ಲ, ಫೋಟೋ ನೀವೂ ನೋಡಿರುತ್ತೀರಿ. ಅದು ಖಜಾನೆಯಲ್ಲ, ಗೋರಿ ಅನ್ನೋದೊಂದು ಗೊತ್ತಿದ್ದರೆ ಸಾಕು.

ಈಗ ಹಂಪಿಗೆ ಬನ್ನಿ. ಪೆಟ್ರಾಗೆ 1985ರಲ್ಲಿ, ಹಂಪಿಗೆ 1986ರಲ್ಲಿ ವಿಶ್ವ ಪರಂಪರೆಯ ಪಟ್ಟ ಸಿಕ್ಕಿತು. ಎರಡೂ ಬಂಡೆಗಳ ನಡುವಿನ ಹಳೇ ರಾಜಧಾನಿಗಳು. ನೀರಿನ ಲೆಕ್ಕದಲ್ಲಿ ಹಂಪಿ ಒಂದು ಕೈ ಮೇಲೆಂದೇ ಹೇಳುತ್ತೇನೆ. ಸೀಕ್‌ನ ಕಾಲುವೆ ಒಣಗಿದೆ, ವಿಜಯನಗರದವರ ‘ತುರ್ತು’ ಎಂಬ ಹೆಸರಿನ ಕಾಲುವೆ ಇವತ್ತಿಗೂ ಬಾಳೆ ತೋಟಗಳಿಗೆ ನೀರು ಕೊಡುತ್ತಿದೆ. ಆದರೆ ನಾವು ನೋಡುವ ರೀತಿ? ಆಟೋ ಹತ್ತು, ಇಳಿ, ಫೋಟೋ ತೆಗಿ, ಮತ್ತೆ ಹತ್ತು. ಪಟ್ಟಿಗೆ ಟಿಕ್ ಹಾಕಿದ ಹಾಗೆ. ವಿರೂಪಾಕ್ಷ ಗುಡಿಯಿಂದ ವಿಠ್ಠಲ ಗುಡಿಗೆ ನದಿ ದಂಡೆಯಲ್ಲೇ ಎರಡು ಕಿಲೋಮೀಟರ್‌ನಷ್ಟು ಕಾಲುದಾರಿ ಇದೆ. ಕೋದಂಡರಾಮ ಗುಡಿ, ಅಚ್ಯುತರಾಯ ಗುಡಿಗೆ ಹೋಗುವ ಬೀದಿ, ಅರಸರ ತುಲಾಭಾರದ ಕಂಬ ಎಲ್ಲ ಆ ದಾರಿಯಲ್ಲೇ ಸಿಗುತ್ತವೆ. ಬಹಳಷ್ಟು ಜನ ಅದನ್ನು ಬಿಟ್ಟು ರಸ್ತೆಯಲ್ಲಿ ಸುತ್ತಿಕೊಂಡು ಹೋಗುತ್ತಾರೆ. ನನ್ನ ಮಟ್ಟಿಗೆ ಹಂಪಿಯ ಮುಖ್ಯ ದಾರಿ ಈ ಕಾಲುದಾರಿಯೇ ಆಗಬೇಕು.

ಹಾಗಂತ ಪೆಟ್ರಾದವರದ್ದೆಲ್ಲ ಸರಿ ಅಂತಲ್ಲ. ಅಲ್ಲಿನ ಗುಹೆಗಳಲ್ಲಿ ಬಾಳುತ್ತಿದ್ದ ಬ್ದೂಲ್ ಪಂಗಡದ ಬೆದುಯಿನ್ನರನ್ನು (ಮರುಭೂಮಿಯ ಅರಬ್ ಅಲೆಮಾರಿಗಳನ್ನು) 1985ರ ಸುಮಾರಿಗೆ ಪಕ್ಕದ ಉಮ್ಮ್ ಸೈಹೂನ್ ಹಳ್ಳಿಗೆ ಕಳಿಸಿದರು. ಈಗ ಅವರಲ್ಲಿ ಎಷ್ಟೋ ಜನ ಅದೇ ಜಾಗದಲ್ಲಿ ಕತ್ತೆ ಸವಾರಿ ಮಾಡಿಸುತ್ತಾ, ಮಣಿಸರ ಮಾರುತ್ತಾ ಕಾಣುತ್ತಾರೆ. ನಮ್ಮಲ್ಲೂ 2011ರಲ್ಲಿ ಹಂಪಿ ಬಜಾರಿನ ಮನೆಗಳನ್ನು ಕೆಡವಿ, ಅಲ್ಲಿದ್ದವರಿಗೆ ಕಡ್ಡಿರಾಂಪುರದಲ್ಲಿ ಜಾಗ ತೋರಿಸಿದರು. ಕಲ್ಲು ಉಳಿಸಲು ಜನರನ್ನು ಎಬ್ಬಿಸುವ ಬುದ್ಧಿಯಲ್ಲಿ ಎರಡೂ ಕಡೆಯವರು ಒಂದೇ. ವಿರೂಪಾಕ್ಷನಿಗೆ ಪೂಜೆ ನಿಂತಿಲ್ಲ, ಅಷ್ಟರ ಮಟ್ಟಿಗೆ ಹಂಪಿ ಇನ್ನೂ ಊರು.

ನನ್ನ ಕಾಲುದಾರಿಯ ವಾದಕ್ಕೆ ಹೆಂಡತಿಯ ತಕರಾರಿದೆ. ಏಪ್ರಿಲ್ ಬಿಸಿಲಲ್ಲಿ ಹಂಪಿಯ ಬಂಡೆ ಮೇಲೆ ಅತ್ತೆ ಮಾವನನ್ನು ನಡೆಸಿ ನೋಡಿ, ಆಮೇಲೆ ಮಾತಾಡಿ ಅಂತಾಳೆ. ಪೆಟ್ರಾದಲ್ಲೂ ನೆರಳು ಕಡಿಮೆಯೇ. ಆದರೆ ನಡುದಾರಿಯಲ್ಲಿ ಕೂತು ಚಹಾ ಕುಡಿಯಲು ಜಾಗ ಇದೆ, ಶೌಚಾಲಯ ಇದೆ. ಮಠ ಎನ್ನುವ, ಬೆಟ್ಟದ ಮೇಲಿನ ಕಟ್ಟಡ ಅದ್-ದೈರ್‌ಗೆ ಹತ್ತುವ ಎಂಟು ನೂರರಷ್ಟು ಮೆಟ್ಟಿಲ ನಡುವೆಯೂ ಬೆದುಯಿನ್ ಹೆಂಗಸರ ಅಂಗಡಿಗಳಿವೆ. ನಮ್ಮ ನದಿ ದಂಡೆಯಲ್ಲಿ ಮೊದಲು ಅಷ್ಟಾದರೂ ಆಗಲಿ, ಆಟೋ ನಿಲ್ಲಿಸುವ ಮಾತು ಆಮೇಲೆ ಎನ್ನುವುದು ಅವಳ ಷರತ್ತು. ಆ ಅಂಗಡಿಗಳನ್ನು ಬಜಾರಿನಿಂದ ಎಬ್ಬಿಸಿದವರಿಗೇ ಕೊಡಲಿ ಅಂತ ನಾನು ಸೇರಿಸಿದೆ.