ಜರ್ನಲ್ ತೂಗುವ ತಕ್ಕಡಿಯಲ್ಲಿ ಮೇಷ್ಟ್ರುಗಳು

ಬೆಳಗಿನ ಮೀಟಿಂಗ್‌ನಿಂದ ಎದ್ದು ಬಂದಾಗಿನಿಂದ ತಲೆ ಬಿಸಿ. ಮೊದಲ ಒಂದು ಗಂಟೆ, ‘ನಮ್ಮವರ ಪೇಪರ್‌ಗಳು ಸಾಲದು, ಇಂಪ್ಯಾಕ್ಟ್ ಫ್ಯಾಕ್ಟರ್ ಜಾಸ್ತಿ ಇರುವ ಜರ್ನಲ್‌ಗಳಲ್ಲೇ ಬರೆಯಿರಿ’. (ಜರ್ನಲ್ ಅಂದರೆ ಸಂಶೋಧನಾ ಪತ್ರಿಕೆ, ಇಂಪ್ಯಾಕ್ಟ್ ಫ್ಯಾಕ್ಟರ್ ಅಂದರೆ ಅದಕ್ಕೆ ಹಾಕುವ ಒಂದು ನಂಬರ್.) ಆಮೇಲಿನ ಒಂದು ಗಂಟೆ, ‘ಖರ್ಚು ಇಳಿಸಬೇಕು, ಯಾವ ಜರ್ನಲ್ ನಿಲ್ಲಿಸಬಹುದು ಅಂತ ಲೈಬ್ರರಿಯವರು ಪಟ್ಟಿ ಕೊಡಿ’. ಈ ಎರಡು ಮಾತಿಗೂ ಏನೋ ಸಂಬಂಧ ಇದೆ ಅಂತ ಅಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಲೈಬ್ರರಿಯವನು, ಕೂಗಾಡುತ್ತಾನೆ ಬಿಡಿ ಅನ್ನುತ್ತೀರಿ. ಆದರೂ ಕೇಳಿ. ಈ ಸೈಟೇಶನ್, ಅಂದರೆ ಒಂದು ಲೇಖನವನ್ನು ಬೇರೆ ಲೇಖನಗಳು ಉಲ್ಲೇಖಿಸಿದ್ದನ್ನು, ಎಣಿಸುವ ಚಟ ಶುರುವಾದದ್ದೇ ಲೈಬ್ರರಿಗಾಗಿ! 1927ರಲ್ಲಿ ಅಮೆರಿಕದ ಪೊಮೋನಾ ಕಾಲೇಜಿನ ಗ್ರಾಸ್ ಮತ್ತು ಗ್ರಾಸ್ ಎಂಬ ಇಬ್ಬರು ಒಂದು ಕೆಮಿಸ್ಟ್ರಿ ಜರ್ನಲ್ ಮುಂದಿಟ್ಟುಕೊಂಡು, ಅದರಲ್ಲಿ ಬೇರೆ ಯಾವ ಪತ್ರಿಕೆಯ ಹೆಸರು ಎಷ್ಟು ಸಲ ಬಂದಿದೆ ಅಂತ ಎಣಿಸಿದರು. ಸಣ್ಣ ಕಾಲೇಜಿನ ಲೈಬ್ರರಿ ಇರುವ ದುಡ್ಡಿನಲ್ಲಿ ಏನೇನು ತರಿಸಬೇಕು ಅಂತ ತಿಳಿಯುವುದಕ್ಕೆ. ಅಷ್ಟೇ. ಆಮೇಲೆ ಅಮೆರಿಕದ ಮಾಹಿತಿ ವಿಜ್ಞಾನಿ ಯೂಜೀನ್ ಗಾರ್ಫೀಲ್ಡ್ ತಂದ ಇಂಪ್ಯಾಕ್ಟ್ ಫ್ಯಾಕ್ಟರ್ ಕೂಡ ಹುಟ್ಟಿದ್ದು ಜರ್ನಲ್ ಆರಿಸಲಿಕ್ಕೇ. ಹಿಂದಿನ ಎರಡು ವರ್ಷದ ಲೇಖನಗಳಿಗೆ ಈ ವರ್ಷ ಬಂದ ಸೈಟೇಶನ್‌ಗಳ ಸರಾಸರಿ ಅದು. ನಾಲ್ಕು ಲೇಖನಕ್ಕೆ ರಾಶಿ ರಾಶಿ ಸಿಕ್ಕಿ, ಮಿಕ್ಕವು ಬರಿಗೈಲಿ ಕೂತಿದ್ದರೂ ಎಲ್ಲರ ಹಣೆಯ ಮೇಲೂ ಅದೇ ನಂಬರ್. ಜರ್ನಲ್ ತೂಗಲು ಮಾಡಿದ ತಕ್ಕಡಿಗೆ ಈಗ ಮೇಷ್ಟ್ರುಗಳನ್ನು ಹತ್ತಿಸಿದ್ದೇವೆ. ಬಡ್ತಿಯೂ ಅದರಲ್ಲೇ.

ಇನ್ನು 2005ರಲ್ಲಿ ಹಿರ್ಶ್ ಎಂಬ ಭೌತವಿಜ್ಞಾನಿ ತಂದ ಎಚ್-ಇಂಡೆಕ್ಸ್. ತಲಾ ಹತ್ತು ಸೈಟೇಶನ್ನಾದರೂ ಸಿಕ್ಕ ಹತ್ತು ಪೇಪರ್ ನಿಮ್ಮದಿದ್ದರೆ ನಿಮ್ಮ ಎಚ್ ಹತ್ತು. ನೀವು ಒಂದೇ ಪೇಪರ್ ಬರೆದು, ಅದನ್ನು ಐದು ಸಾವಿರ ಜನ ಉಲ್ಲೇಖಿಸಿದರೂ ನಿಮ್ಮ ಎಚ್ ಒಂದೇ! ಸೈಟೇಶನ್ ಲೆಕ್ಕ ಇಡುವ ಸ್ಕೋಪಸ್ ಎಂಬ ಡೇಟಾಬೇಸ್‌ನಲ್ಲಿ ಒಂದು ಲೆಕ್ಕ, ಗೂಗಲ್ ಸ್ಕಾಲರ್‌ನಲ್ಲಿ ಇನ್ನೊಂದು. ಸಾಮಾನ್ಯವಾಗಿ ಎರಡನೆಯದು ಜಾಸ್ತಿ ಇರುತ್ತದೆ, ಬಯೋಡೇಟಾದಲ್ಲಿ ಯಾವುದು ಇರುತ್ತದೆ ಅಂತ ನಾನು ಹೇಳಬೇಕಾಗಿಲ್ಲ ಅಲ್ವಾ? ಇನಿಷಿಯಲ್ ಹಿಂದೆ ಮುಂದೆ ಆದರೆ ಒಬ್ಬರೇ ಮೂರು ಜನ ಆಗಿಬಿಡುತ್ತಾರೆ. ಆ ಮೂವರನ್ನು ಹುಡುಕಿ ಒಬ್ಬರನ್ನಾಗಿ ಮಾಡಿಕೊಡುವ ಕೆಲಸ ಯಾರದು? ಲೈಬ್ರರಿಯದು. ವರದಿಯಲ್ಲಿ ಲೈಬ್ರರಿಯ ಹೆಸರು? ಸುಮ್ನೆ ಕೇಳಬೇಡಿ.

‘ಅಳತೆಯೇ ಬೇಡ ಅಂದರೆ ಕೆಲಸಗಳ್ಳರು ಗೊತ್ತಾಗುವುದು ಹೇಗೆ ಸಾರ್?’ ಅಂತ ಒಬ್ಬರು ಕೇಳಿದರು. ಪೇಪರ್ ತೆಗೆದು ಓದಿ ಸ್ವಾಮಿ! ಜರ್ನಲ್‌ನ ನಂಬರ್ ನೋಡಿ ಮನುಷ್ಯರನ್ನು ಅಳೆಯಬೇಡಿ ಅಂತ 2013ರಲ್ಲೇ ಸಂಶೋಧನೆಯ ಮೌಲ್ಯಮಾಪನದ ಬಗೆಗಿನ ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆ ಹೇಳಿದೆ. ಆದರೆ ಓದುವುದಕ್ಕೆ ಸಮಯ ಬೇಕಲ್ಲ, ಎಕ್ಸೆಲ್ ಶೀಟ್ ನೋಡುವುದಕ್ಕೆ ಎರಡು ನಿಮಿಷ ಸಾಕು.

ಇಷ್ಟೆಲ್ಲ ಬೈದವನು ಮೀಟಿಂಗ್ ಮುಗಿದ ಮೇಲೆ ಏನು ಮಾಡಿದೆ ಗೊತ್ತಾ? ಬಾಗಿಲು ಹಾಕಿಕೊಂಡು ನನ್ನ ಎಚ್ ನೋಡಿಕೊಂಡೆ. ಮೂರು. ಹೋದ ವರ್ಷವೂ ಮೂರೇ ಇತ್ತು. ಸ್ವಲ್ಪ ಬೇಜಾರೂ ಆಯಿತು, ನಾಚಿಕೆಗೇಡು.

ಪಟ್ಟಿ ನಾಳೆ ಕೊಡಬೇಕು. ಡೌನ್‌ಲೋಡ್ ಲೆಕ್ಕ ತೆಗೆದು ಕೂತಿದ್ದೇನೆ. ‘ಇದನ್ನು ಯಾರು ಓದುತ್ತಾರೆ, ಮೊದಲು ನಿಲ್ಲಿಸಿ’ ಅಂತ ಬೆಳಿಗ್ಗೆ ಒಬ್ಬರು ಬೆರಳು ತೋರಿಸಿದ ಜರ್ನಲ್ ಇದೆಯಲ್ಲ, ಅದನ್ನು ಅತಿ ಹೆಚ್ಚು ಡೌನ್‌ಲೋಡ್ ಮಾಡಿರುವುದು ಅವರದೇ ವಿಭಾಗ.